ದೇಹಲೀದೀಪ

ನಮ್ಮ ತಾಯಿಯವರು ಪ್ರತಿದಿನವೂ ಸಂಜೆ ದೇವರ ಮುಂದೆ ಎಣ್ಣೆಯ ದೀಪವನ್ನು ಹಚ್ಚಿ ಕೈಮುಗಿದು, ಅನಂತರ ಜಗಲಿಗೆ ಬಂದು ವಿದ್ಯುದ್ದೀಪದ ಗುಂಡಿಯನ್ನು ಒತ್ತಿ, ಅದಕ್ಕೂ ಕೈಮುಗಿಯುತ್ತಿದ್ದರು. ಈ ರೂಢಿಯು ನಮ್ಮ ಕಡೆಯ ಮನೆಗಳಲ್ಲಿ ಇಂದಿಗೂ ಅಲ್ಲಲ್ಲಿ ಉಳಿದಿರುವುದನ್ನು ವಾಚಕರು ಬಲ್ಲರು. ಹಿರಿಯಡ್ಕದ ಪರಿಸರದ ನಮ್ಮ ಹಳೆಯ ಮನೆಗೆ ವಿದ್ಯುಚ್ಛಕ್ತಿಯು ಬಂದಾಗ ನಾನಿನ್ನೂ ಪ್ರಾಥಮಿಕ ಶಾಲೆಯ ಹುಡುಗ. ಅದಕ್ಕೆ ಮೊದಲು ಚಿಮಿಣಿ ದೀಪ, ಲಾಟೀನು. ಮದುವೆ ಮುಂಜಿಗಳಿಗೆ ಬಾಡಿಗೆಗೆ ತಂದ ಗ್ಯಾಸ್‌ಲೈಟು. ತಾಯಿಯವರ ಎರಡನೆಯ ನಮಸ್ಕಾರವನ್ನು ಕಂಡು ನಾವು ಮಕ್ಕಳು ನಗುತ್ತಿದ್ದೆವು. "ಅಮ್ಮಾ, ಎಣ್ಣೆಯ ದೀಪಕ್ಕಾದರೆ ದೇವರಿದ್ದಾನೆ, ಈ ಗಾಜಿನ ಬುರುಡೆಯಲ್ಲಿ ಯಾರಿದ್ದಾರೆ?" ಎಂದು ಒಮ್ಮೆ ಕೇಳಿಯೂ ಕೇಳಿದೆ. "ಎಲ್ಲಿಂದಲೋ ಯಾರೋ ಕಳುಹಿಸುತ್ತಾರಲ್ಲ ಮಗಾ, ಅವರಿಗೆ" ಎಂದು ಅವರು ಒಳಗೆ ಹೋದರು. ಆ ಮಾತಿನ ಅರ್ಥವು ನನಗೆ ಆಗುವುದಕ್ಕೆ ಬಹುಕಾಲವೇ ಹಿಡಿಯಿತು. ಆದುದೂ ನನ್ನ ಬುದ್ಧಿಯಿಂದಲ್ಲ, ಒಬ್ಬ ವಿದ್ಯಾರ್ಥಿಯ ದೆಸೆಯಿಂದ.

೧೯೯೩ರ ಸುಮಾರಿನ ಮಾತು. ಪ್ರೌಢಶಾಲೆಯ ಒಂಬತ್ತನೆಯ ತರಗತಿಯಲ್ಲಿ ಸಂಸ್ಕೃತವನ್ನು ಪಾಠ ಹೇಳುತ್ತಿದ್ದೆನು. ಶಾಸ್ತ್ರಗ್ರಂಥಗಳಲ್ಲಿ ಬರುವ ಲೌಕಿಕ ನ್ಯಾಯಗಳನ್ನು ಹುಡುಗರಿಗೆ ಆಗಾಗ ಬಿಡಿಸಿ ಹೇಳುವುದು ನನ್ನ ಅಭ್ಯಾಸ. ಆ ದಿನ ಹೇಳಿದುದು ದೇಹಲೀದೀಪನ್ಯಾಯ. ದೇಹಲಿಯೆಂದರೆ ಹೊಸ್ತಿಲು. ಹೊಸ್ತಿಲಿನ ಮೇಲೆ ಇಟ್ಟ ಒಂದೇ ದೀಪವು ಒಳಮನೆಯನ್ನೂ ಬೆಳಗುವುದು, ಹೊರಗಿನ ಅಂಗಳವನ್ನೂ ಬೆಳಗುವುದು. ಹಾಗೆಯೇ ವಾಕ್ಯದ ನಡುವೆ ಇರುವ ಒಂದು ಪದವು ಹಿಂದಕ್ಕೂ ಮುಂದಕ್ಕೂ ಅನ್ವಯಿಸುವುದು ಎಂದು ವಿವರಿಸಿದೆನು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗನು ಎದ್ದು ನಿಂತನು. ಅವನು ಘಟ್ಟದ ಮೇಲಿನ ಹೊಸನಗರ ತಾಲೂಕಿನವನು. ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದನು. "ಗುರುಗಳೇ, ನಮ್ಮ ಅಜ್ಜನ ಮನೆ, ಗದ್ದೆ, ತೋಟ ಎಲ್ಲ ಮಾಣಿ ಅಣೆಕಟ್ಟಿನ ನೀರೊಳಗೆ ಇವೆ. ಅಲ್ಲಿಂದ ಕರೆಂಟು ಇಲ್ಲಿಗೆ ಬಂತು. ಅಜ್ಜ ಈಗಿರುವ ಮನೆಗೆ ಇನ್ನೂ ಕರೆಂಟು ಬಂದಿಲ್ಲ. ಆ ದೀಪ ಯಾವ ನ್ಯಾಯದ್ದು?" ಎಂದು ಕೇಳಿದನು.

ಆ ಪ್ರಶ್ನೆಯಲ್ಲಿ ಕುಚೋದ್ಯವಿರಲಿಲ್ಲ. ಆದರೆ ಉಪಾಧ್ಯಾಯನಿಗೆ ಉತ್ತರ ತೋಚದಾಗ ಶ್ಲೋಕವು ತೋಚುವುದಷ್ಟೆ! ಹೆಚ್ಚಿನವರ ಹಿತಕ್ಕಾಗಿ ಕಡಮೆಯವರ ಹಿತವನ್ನು ಬಿಡಬೇಕೆಂಬ ಪ್ರಸಿದ್ಧವಾದ ನೀತಿಶ್ಲೋಕವನ್ನು ಉರುಳಿಸಿ, "ನಿನ್ನ ಅಜ್ಜನವರದು ದೊಡ್ಡ ತ್ಯಾಗವಪ್ಪಾ, ನಾಡು ಅದನ್ನು ಮರೆಯದು" ಎಂದೆನು. ಹುಡುಗನು ತಲೆತಗ್ಗಿಸಿ ಕುಳಿತನು. ಉತ್ತರ ಸಿಕ್ಕಿತೆಂದು ನಾನು ಪಾಠವನ್ನು ಮುಂದುವರಿಸಿದೆನು. ಅವನಿಗೆ ಸಿಕ್ಕಿದ್ದು ಉತ್ತರವಲ್ಲ, ಬಾಯಿಮುಚ್ಚುವ ಉಪಾಯವೆಂಬುದು ನನಗೆ ಹೊಳೆದುದು ನಿವೃತ್ತನಾದ ಮೇಲೆ. ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಂದು ಬರೆಯಲು ಯತ್ನಿಸುವೆನು.

ಮೊದಲು ವಿಷಯದ ಸ್ವರೂಪವನ್ನು ತಿಳಿಯೋಣ. ವಾರಾಹಿಯು ಶಿವಮೊಗ್ಗ ಜಿಲ್ಲೆಯ ಮಲೆಗಳಲ್ಲಿ ಹುಟ್ಟಿ, ಘಟ್ಟವನ್ನು ಇಳಿದು, ಕುಂದಾಪುರದ ಸೀಮೆಯನ್ನು ಹಾದು, ಗಂಗೊಳ್ಳಿಯ ಬಳಿ ಕಡಲನ್ನು ಸೇರುವ ನದಿ. ಹೊಸನಗರ ತಾಲೂಕಿನ ಮಾಣಿಯಲ್ಲಿ ಅದಕ್ಕೆ ಅಣೆಕಟ್ಟನ್ನು ಕಟ್ಟಿರುವರು. ಅಲ್ಲಿಂದ ಸುರಂಗಗಳ ಮೂಲಕ ನಾನೂರು ಮೀಟರಿಗೂ ಮಿಕ್ಕ ಎತ್ತರದಿಂದ ಇಳಿಯುವ ನೀರು, ಹುಲಿಕಲ್ ಘಾಟಿಯ ಬುಡದ ಹೊಸಂಗಡಿಯಲ್ಲಿ ಬಂಡೆಯ ಗರ್ಭವನ್ನು ಕೊರೆದು ರಚಿಸಿದ ಭೂಗತ ವಿದ್ಯುದಾಗಾರದ ಚಕ್ರಗಳನ್ನು ತಿರುಗಿಸುವುದು. ಮೊದಲನೆಯ ಯಂತ್ರವು ೧೯೮೯ರಲ್ಲಿ ನಡೆಯತೊಡಗಿತು. ೨೦೦೯ರ ವಿಸ್ತರಣದ ಮೇಲೆ ಅಲ್ಲಿ ತಲಾ ೧೧೫ ಮೆಗಾವ್ಯಾಟಿನ ನಾಲ್ಕು ಯಂತ್ರಗಳಿದ್ದು, ಒಟ್ಟು ಸಾಮರ್ಥ್ಯವು ೪೬೦ ಮೆಗಾವ್ಯಾಟ್ ಆಗಿರುವುದು. ಇದೇ ನದಿಯಲ್ಲಿ ಮಾಸ್ತಿಕಟ್ಟೆಯ ಕಡೆಗೆ, ನಮ್ಮ ದೇಶದ ಅತ್ಯುನ್ನತ ಜಲಪಾತಗಳಲ್ಲಿ ಎಣಿಸಲ್ಪಡುವ ಕುಂಚಿಕಲ್ ಅಬ್ಬಿಯಿದೆ. ಅಣೆಕಟ್ಟು ಆದ ಮೇಲೆ ಅದು ಮಳೆಗಾಲದಲ್ಲಿ ಮಾತ್ರ ಅಬ್ಬಿಯೆನಿಸುವುದು. ನೀರು ಕಣ್ಣಿಗೆ ಬೀಳುತ್ತಿದ್ದಲ್ಲಿ ಈಗ ಬಂಡೆ. ನೀರು ಇರುವಲ್ಲಿ ಯಾರ ಕಣ್ಣೂ ಹೋಗದು.

ವಾರಾಹಿಗಿಂತ ಹಳೆಯದು ಶರಾವತಿಯ ಕಥೆ. ೧೯೪೮ರಲ್ಲಿ ಜೋಗದ ವಿದ್ಯುದಾಗಾರವು ಪ್ರಾರಂಭವಾಯಿತು. ಈಗ ಅದಕ್ಕೆ ಮಹಾತ್ಮಾ ಗಾಂಧಿಯವರ ಹೆಸರು. ಅದಕ್ಕೆ ನೀರನ್ನು ಕೂಡಿಡಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟನ್ನು ಕಟ್ಟಿದ್ದರು. ೧೯೬೪ರಲ್ಲಿ ಲಿಂಗನಮಕ್ಕಿಯ ಮಹಾ ಅಣೆಕಟ್ಟು ಮುಗಿದಾಗ, ಊರುಗಳನ್ನು ಮುಳುಗಿಸಿದ್ದ ಆ ಹಿರೇಭಾಸ್ಕರವೇ ಮುಳುಗಿತು. ಬೇಸಿಗೆಯಲ್ಲಿ ನೀರು ಬಹಳವಾಗಿ ಇಳಿದಾಗ ಇಂದಿಗೂ ಅದು ತಲೆಯೆತ್ತುವುದು. ಸಾಗರ, ಹೊಸನಗರ ಸೀಮೆಗಳಿಂದ ಸಾವಿರಾರು ಕುಟುಂಬಗಳು ಗಂಟು ಕಟ್ಟಿ ಹೊರಟುವು. ಅವರಿಗೆಂದು ಬಿಟ್ಟ ಅರಣ್ಯಭೂಮಿಯ ಹಕ್ಕುಪತ್ರದ ಪ್ರಶ್ನೆಯು ಆರು ದಶಕಗಳು ಕಳೆದರೂ ಕಚೇರಿಗಳನ್ನೂ ನ್ಯಾಯಾಲಯಗಳನ್ನೂ ಅಲೆಯುತ್ತಿರುವುದು. ನೀರಿನ ಆಚೆಗೆ ಉಳಿದ ಸಿಗಂದೂರು ಕಡೆಯವರು ಈಚೆಗೆ ಬರಲು ಹೊಳೆಬಾಗಿಲಿನಲ್ಲಿ ಲಾಂಚನ್ನು ಕಾಯಬೇಕಾಗಿತ್ತು. ರೋಗಿಯಾದರೂ ಸರಿ, ಬಸುರಿಯಾದರೂ ಸರಿ. ಅಲ್ಲಿ ಸೇತುವೆಯು ತೆರೆದುದು ೨೦೨೫ರ ಜುಲೈ ತಿಂಗಳಿನಲ್ಲಿ. ಲೋಕೋಪಯೋಗಿ ಇಲಾಖೆಯಲ್ಲಿದ್ದು ಈ ಮುಳುಗಡೆಯನ್ನು ಕಣ್ಣಾರೆ ಕಂಡ ನಾ. ಡಿಸೋಜ ಅವರು 'ಮುಳುಗಡೆ', 'ದ್ವೀಪ' ಎಂಬ ಕಾದಂಬರಿಗಳನ್ನು ಬರೆದರು. ನಾವು ಅವನ್ನು ಓದಿ ಕಣ್ಣೊರಸಿಕೊಂಡೆವು. ಓದಿದುದು ಅದೇ ಶರಾವತಿಯ ಬೆಳಕಿನಲ್ಲಿ ಎಂಬುದು ಮಾತ್ರ ನೆನಪಾಗಲಿಲ್ಲ.

ಇಲ್ಲಿ ಪ್ರಶ್ನೆಯೇನೆಂದರೆ: ಬೆಟ್ಟದಲ್ಲಿ ನೆಲವನ್ನು ಕಳೆದುಕೊಂಡವರಿಗೂ ಪಟ್ಟಣದಲ್ಲಿ ಬೆಳಕನ್ನು ಪಡೆದವರಿಗೂ ಇರುವ ಸಂಬಂಧವು ಯಾವುದು? ಸಾಮಾನ್ಯವಾಗಿ ಸಭೆಗಳಲ್ಲಿ ಕೇಳುವ ಉತ್ತರವು ನಾನು ಅಂದು ಕೊಟ್ಟದ್ದೇ: "ಅವರದು ತ್ಯಾಗ." ಈ ಶಬ್ದವನ್ನು ಸ್ವಲ್ಪ ಪರೀಕ್ಷಿಸಬೇಕು.

ನಾನು ಉರುಳಿಸಿದ ನೀತಿಯು ಮಹಾಭಾರತದಲ್ಲಿ ಯಾರು ಯಾರಿಗೆ ಹೇಳಿದುದು? ದುರ್ಯೋಧನನು ಹುಟ್ಟಿದಾಗ ಅಪಶಕುನಗಳನ್ನು ಕಂಡು ವಿದುರನು ಧೃತರಾಷ್ಟ್ರನಿಗೆ ಹೇಳಿದುದು. ಬಿಡಬೇಕಾದವನು ಯಾರ ಮಗ? ಕೇಳುತ್ತಿದ್ದ ಅರಸನ ಸ್ವಂತ ಮಗ. ಎಂದರೆ ಆ ನೀತಿಯು ಅಧಿಕಾರವುಳ್ಳವನಿಗೆ, "ನಿನ್ನದನ್ನು ನೀನು ಬಿಡು" ಎಂದು ಹೇಳಿದುದೇ ಹೊರತು, "ಪರರದನ್ನು ಬಿಡಿಸಿಕೋ" ಎಂದು ಹೇಳಿದುದಲ್ಲ. ಅರಸನು ತನ್ನ ಮಗನನ್ನು ಬಿಡಲಿಲ್ಲ. ಕಥೆಯ ಮುಂದಿನ ಭಾಗವನ್ನು ಎಲ್ಲರೂ ಬಲ್ಲರು. ನಾವಾದರೋ ಆ ಶ್ಲೋಕವನ್ನು ತಿರುಗಿಸಿ ಹಿಡಿದು, ನಮ್ಮ ಮನೆಯ ಒಂದು ಇಟ್ಟಿಗೆಯೂ ಅಲುಗದಂತೆ ನೋಡಿಕೊಂಡು, ಬೆಟ್ಟದವನ ಮುಂದೆ ಪಠಿಸುವೆವು. ತ್ಯಾಗವೆಂಬುದು ಕೊಡುವವನ ಬಾಯಿಯ ಮಾತು. ಅವನು ಅರಿತು, ಒಪ್ಪಿ, ಕೈಯೆತ್ತಿ ಕೊಟ್ಟಾಗ ಮಾತ್ರ ಅದಕ್ಕೆ ಆ ಹೆಸರು. ನೋಟೀಸು ಬಂದು ಮನೆ ಬಿಟ್ಟವನು ಕಳೆದುಕೊಂಡವನೇ ಹೊರತು ತ್ಯಾಗಿಯಲ್ಲ. ಪಡೆದವನ ಬಾಯಿಗೆ ಸಲ್ಲುವ ಮಾತು ಬೇರೆಯಿದೆ. ಅದು ಋಣ. "ನೀನು ತ್ಯಾಗಿ" ಎಂದರೆ ಲೆಕ್ಕವು ಹೊಗಳಿಕೆಯಲ್ಲಿ ಮುಗಿದುಹೋಗುವುದು. "ನಾನು ಋಣಿ" ಎಂದರೆ ಲೆಕ್ಕವು ಆಗ ಆರಂಭವಾಗುವುದು. ನನ್ನ ಉತ್ತರದ ದೋಷವು ಇಲ್ಲಿತ್ತು.

ಇದಕ್ಕೆ ಆಕ್ಷೇಪಗಳು ಇಲ್ಲದಿಲ್ಲ. ಪೂರ್ವಪಕ್ಷವನ್ನು ಕೇಳದೆ ಸಿದ್ಧಾಂತವನ್ನು ಹೇಳುವುದು ಶಾಸ್ತ್ರಸಮ್ಮತವಲ್ಲವಾದುದರಿಂದ ಅವನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು: "ನಾನು ತಿಂಗಳು ತಿಂಗಳು ಬಿಲ್ಲನ್ನು ಕಟ್ಟುವೆನು, ಭೂಮಿ ಹೋದವರಿಗೆ ಸರಕಾರವು ಪರಿಹಾರ ಕೊಟ್ಟಿದೆ. ಬೆಲೆ ಸಂದ ಮೇಲೆ ಋಣವೆಲ್ಲಿ?" ಬಿಲ್ಲಿನಲ್ಲಿ ಯಂತ್ರದ ಬೆಲೆಯಿದೆ, ತಂತಿಯ ಬೆಲೆಯಿದೆ, ನೌಕರರ ಸಂಬಳವಿದೆ. ಪರಿಹಾರದಲ್ಲಿ ಎಕರೆಯ ಬೆಲೆಯಿದೆ. ಆದರೆ ಊರೆಂಬುದು ಎಕರೆಗಳ ಮೊತ್ತವಲ್ಲ. ದೇವಸ್ಥಾನ, ಭೂತದ ಬನ, ನೆರೆಮನೆಯ ದಾರಿ, ಹೆಣ್ಣುಮಕ್ಕಳು ತವರಿಗೆ ಬರುವ ಕಾಲುಸಂಕ, ಹಿರಿಯರನ್ನು ಸುಟ್ಟ ಸ್ಥಳ, ಇವು ಯಾವ ಪಹಣಿಯಲ್ಲಿಯೂ ಇಲ್ಲ. ಬೆಲೆ ಕಟ್ಟಿದುದಕ್ಕೆ ಬೆಲೆ ಸಂದಿತು. ಕಟ್ಟದೆ ಉಳಿದುದೇ ಋಣ.

ಎರಡನೆಯದು: "ಆ ಅಣೆಕಟ್ಟನ್ನು ಕಟ್ಟಿರೆಂದು ನಾನು ಕೇಳಲಿಲ್ಲ. ನಾನು ಹುಟ್ಟುವ ಮೊದಲೇ ಅದು ಆಗಿತ್ತು. ಕೇಳದ ಸಾಲಕ್ಕೆ ನಾನೇಕೆ ಹೊಣೆ?" ಈ ಆಕ್ಷೇಪವು ನಮ್ಮ ತರುಣರದು, ಹಗುರವಾದುದಲ್ಲ. ಆದರೆ ನಮ್ಮ ಪೂರ್ವಿಕರು ಹೇಳಿದ ಋಣತ್ರಯವನ್ನು ನೆನೆಯಿರಿ. ಮನುಷ್ಯನು ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಋಣಿಯಾಗಿಯೇ ಹುಟ್ಟುವನೆಂದು ಅವರು ಹೇಳಿದರು. ಈ ಮೂರರಲ್ಲಿ ಯಾವ ಸಾಲವನ್ನು ನಾವು ಕೇಳಿ ಪಡೆದೆವು? ಅಕ್ಷರವನ್ನು ಕಂಡುಹಿಡಿಯಿರೆಂದು ನಾವು ಯಾವ ಋಷಿಗೆ ಅರ್ಜಿ ಹಾಕಿದೆವು? ಆದರೂ ಓದಬಲ್ಲವನು ಋಣಿ. ಭೋಗವೇ ಸಾಲಪತ್ರ. ಗುಂಡಿಯನ್ನು ಒತ್ತಿದ ಕೈ ಅದಕ್ಕೆ ರುಜು ಹಾಕಿದ ಕೈಯೇ ಸರಿ.

ಮೂರನೆಯದು ಸೂಕ್ಷ್ಮವಾದುದು: "ಎಲ್ಲ ವಿದ್ಯುದಾಗಾರಗಳ ಶಕ್ತಿಯೂ ಒಂದೇ ಜಾಲದಲ್ಲಿ ಬೆರೆಯುವುದು. ಈ ಕ್ಷಣ ನನ್ನ ದೀಪದಲ್ಲಿ ಉರಿಯುತ್ತಿರುವುದು ವಾರಾಹಿಯೋ, ಶರಾವತಿಯೋ, ರಾಯಚೂರಿನ ಕಲ್ಲಿದ್ದಲೋ, ಯಾರೂ ಹೇಳಲಾರರು. ಹಾಗಿರುವಾಗ ನಾನು ಯಾರಿಗೆ ಋಣಿ?" ತಂತಿಯ ವಿಷಯದಲ್ಲಿ ಈ ಮಾತು ನಿಜ. ಆದರೆ ಸಮಾರಾಧನೆಯ ಒಂದು ಕೊಪ್ಪರಿಗೆಗೆ ಹತ್ತು ಮನೆಯವರು ಅಕ್ಕಿಯನ್ನು ಸುರಿದರೆ, ನನ್ನ ಎಲೆಯ ಮೇಲಿನ ಅನ್ನವು ಯಾರ ಗದ್ದೆಯದೆಂದು ತಿಳಿಯದು. ಅಷ್ಟರಿಂದ ಉಂಡವನು ಯಾರಿಗೂ ಋಣಿಯಲ್ಲವೆಂದಾಗುವುದೇ? ಹತ್ತು ಮನೆಗಳಿಗೂ ಋಣಿಯೆಂದೇ ಆಗುವುದು. ಬೆರೆತರೆ ಋಣವು ಹರಡುವುದು, ಹರಿಯದು.

ಇಂಥ ಪ್ರಶ್ನೆಯು ನಮ್ಮದೊಂದೇ ನಾಡಿನದಲ್ಲ. ಬೆಟ್ಟವೂ ನೀರೂ ಇದ್ದಲ್ಲೆಲ್ಲ ಇದು ಎದ್ದಿದೆ. ಬ್ರಿಟನ್ನಿನ ಉತ್ತರಕ್ಕಿರುವ ಸ್ಕಾಟ್ಲೆಂಡಿನ ಗುಡ್ಡನಾಡು ನಮ್ಮ ಮಲೆನಾಡಿನಂತೆಯೇ ಮಳೆ ಹೆಚ್ಚು, ಜನ ವಿರಳವಾದ ಪ್ರದೇಶ. ಎರಡನೆಯ ಮಹಾಯುದ್ಧವು ನಡೆಯುತ್ತಿದ್ದಾಗಲೇ, ೧೯೪೩ರಲ್ಲಿ, ಅಲ್ಲಿನ ಮಂತ್ರಿ ಟಾಮ್ ಜಾನ್ಸ್‌ಟನ್ ಎಂಬವರ ಪ್ರಯತ್ನದಿಂದ ಒಂದು ಕಾನೂನು ಆಯಿತು; ಅದರಂತೆ ಉತ್ತರ ಸ್ಕಾಟ್ಲೆಂಡಿಗೆ ಒಂದು ಜಲವಿದ್ಯುತ್ ಮಂಡಳಿಯು ಹುಟ್ಟಿತು. ಆ ಕಾನೂನಿನಲ್ಲಿ ಒಂದು ವಿಶೇಷವಿತ್ತು. ಮಂಡಳಿಯು ಶಕ್ತಿಯನ್ನು ಉತ್ಪಾದಿಸಿ ಮಾರಿದರೆ ಸಾಲದು. ಆ ಗುಡ್ಡನಾಡಿನ ಆರ್ಥಿಕ ಅಭಿವೃದ್ಧಿಗೂ ಜನರ ಸ್ಥಿತಿಯ ಸುಧಾರಣೆಗೂ ನೆರವಾಗಬೇಕೆಂದು ವಿಧಿಸಲಾಗಿತ್ತು. ದಕ್ಷಿಣದ ಪಟ್ಟಣಗಳಿಗೆ ಶಕ್ತಿಯನ್ನು ಮಾರಿ ಬಂದ ಲಾಭದಿಂದ, ಲೆಕ್ಕದಲ್ಲಿ ನಷ್ಟವೇ ಆಗುವ ದೂರದ ಕಣಿವೆಗಳ ಒಂಟಿ ಮನೆಗಳಿಗೂ ತಂತಿಯನ್ನು ಎಳೆಯಲಾಯಿತು.

ಅಲ್ಲಿಯೂ ಎಲ್ಲರೂ ಸಂತೋಷದಿಂದ ಒಪ್ಪಿದರೆಂದಲ್ಲ. ಪಿಟ್ಲಾಕ್ರಿಯೆಂಬ ಸಣ್ಣ ಪಟ್ಟಣದವರು ತಮ್ಮ ಹೊಳೆಯ ಚೆಲುವು ಕೆಡುವುದೆಂದು ಅಣೆಕಟ್ಟನ್ನು ಬಲವಾಗಿ ವಿರೋಧಿಸಿದರು. ಅಣೆಕಟ್ಟು ಆಯಿತು, ಅದರೊಡನೆ ಸಾಲ್ಮನ್ ಮೀನುಗಳು ಮೊಟ್ಟೆಯಿಡಲು ಮೇಲಕ್ಕೆ ಹೋಗುವುದಕ್ಕೆ ಮೆಟ್ಟಿಲಿನಂಥ ಕೊಳಗಳ ಸಾಲನ್ನೂ ಕಟ್ಟಿದರು. ಇಂದು ಅದನ್ನು ನೋಡಲೆಂದೇ ಪ್ರವಾಸಿಗಳು ಬರುವರಂತೆ. ಸ್ಕಾಟ್ಲೆಂಡಿನವರು ನಮಗಿಂತ ಧರ್ಮಿಷ್ಠರೆಂದು ಹೇಳುವುದು ನನ್ನ ಅಭಿಪ್ರಾಯವಲ್ಲ. ಕೊಡತಕ್ಕದ್ದನ್ನು ಯಂತ್ರವು ತಿರುಗುವ ಮೊದಲೇ ಕಾನೂನಿನಲ್ಲಿ ಬರೆದರು; ಗಮನಿಸತಕ್ಕದ್ದು ಅದು. ನಮ್ಮಲ್ಲಿಯೂ ಈ ವಿವೇಕವು ಉದಯಿಸದೆ ಇಲ್ಲ. ೨೦೦೮ರ ಕೇಂದ್ರಸರಕಾರದ ಜಲವಿದ್ಯುತ್ ನೀತಿಯು, ಯೋಜನೆಯಿಂದ ಬಾಧಿತವಾದ ಪ್ರತಿಯೊಂದು ಕುಟುಂಬಕ್ಕೂ ಹತ್ತು ವರ್ಷಗಳವರೆಗೆ ತಿಂಗಳಿಗೆ ೧೦೦ ಯೂನಿಟ್ ಶಕ್ತಿಯನ್ನು ಕೊಡತಕ್ಕದ್ದೆಂದು ಹೇಳಿತು. ಆ ವೇಳೆಗೆ ಲಿಂಗನಮಕ್ಕಿಗೆ ನಲವತ್ತನಾಲ್ಕು ವರ್ಷ. ವಾರಾಹಿಯ ಮೊದಲ ಯಂತ್ರಕ್ಕೆ ಹತ್ತೊಂಬತ್ತು. ಹುಡುಗನ ಅಜ್ಜನಂಥವರ ಕಾಲವು ಮುಗಿದಿತ್ತು.

ಇಲ್ಲಿಯವರೆಗೆ ಓದಿದ ಮಹನೀಯರಲ್ಲಿ ಕೆಲವರು, "ನಾವು ಕರಾವಳಿಯವರು ಪಡೆದವರು ಮಾತ್ರವೇ? ಕೊಟ್ಟವರೂ ಅಲ್ಲವೇ?" ಎಂದು ಕೇಳಬಹುದು. ನಿಜ. ಪಡುಬಿದ್ರಿಯ ಬಳಿಯ ಎಲ್ಲೂರಿನಲ್ಲಿ ಕಲ್ಲಿದ್ದಲಿನಿಂದ ನಡೆಯುವ ೧೨೦೦ ಮೆಗಾವ್ಯಾಟಿನ ಸ್ಥಾವರವಿದ್ದು, ೨೦೧೦ರಿಂದ ಅಲ್ಲಿಯ ಶಕ್ತಿಯು ಘಟ್ಟವನ್ನು ಹತ್ತಿ ಹೋಗುತ್ತಿರುವುದು. ಬೂದಿ, ಬಾವಿಯ ನೀರು, ಬೆಳೆ ಇವುಗಳ ಬಗ್ಗೆ ಆ ಊರುಗಳವರ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋದುದು ಪ್ರಸಿದ್ಧವೇ ಇದೆ. ನಮ್ಮ ಹಿರಿಯಡ್ಕದ ಸನಿಹದ ಬಜೆಯಲ್ಲಿ ಸ್ವರ್ಣಾನದಿಯನ್ನು ತಡೆದು ಉಡುಪಿ ಮಣಿಪಾಲಗಳ ನಲ್ಲಿಗಳಿಗೆ ನೀರನ್ನು ಕಳುಹಿಸುವರು. ೨೦೧೯ರ ಮೇ ತಿಂಗಳಲ್ಲಿ ಬಜೆಯು ಬತ್ತಿದಾಗ ಪಟ್ಟಣದ ಮನೆಮನೆಯಲ್ಲಿಯೂ ಸ್ವರ್ಣೆಯ ಹೆಸರು ಕೇಳಿಬಂತು. ತುಂಬಿ ಹರಿಯುವಾಗ ಅದನ್ನು ಕೇಳಿದವರಿರಲಿಲ್ಲ. ಹೀಗೆ ನಾವೂ ಹೊಸ್ತಿಲಿನ ಎರಡು ಕಡೆಗಳಲ್ಲಿಯೂ ಇದ್ದೇವೆ. ಎಲ್ಲೂರಿನವನು ನಮಗೆ ನೆರೆಯವನಾದುದರಿಂದ ಅವನ ನೋವು ನಮಗೆ ಅರ್ಥವಾಗುವುದು. ಆ ನೋವನ್ನೇ ಅಳತೆಗೋಲಾಗಿ ಹಿಡಿದು ಮಾಣಿಯವನ ನೋವನ್ನು ಅಳೆಯುವುದು ಕಷ್ಟವಲ್ಲ.

ಹಾಗಾದರೆ ಈ ಋಣವನ್ನು ತೀರಿಸುವುದು ಹೇಗೆ? ದೀಪವನ್ನು ಆರಿಸಿ ಕತ್ತಲೆಯಲ್ಲಿ ಕೂರುವುದರಿಂದ ಅಲ್ಲ. ಹಾಗೆ ಮಾಡಿದರೆ ಮುಳುಗಿದ ಗದ್ದೆಯು ಏಳದು. ಆದ ನಷ್ಟವು ವ್ಯರ್ಥವೂ ಆಗುವುದು. ಶಾಸ್ತ್ರಕಾರರು ಋಷಿಋಣವನ್ನು ಋಷಿಗೆ ಹಣ ಕೊಟ್ಟು ತೀರಿಸಿರೆಂದು ಹೇಳಲಿಲ್ಲ, ಅಧ್ಯಯನದಿಂದ ತೀರಿಸಿರೆಂದರು. ಒಂದೊಂದು ಋಣಕ್ಕೂ ಅದಕ್ಕೆ ತಕ್ಕ ದಾರಿಯಿದೆ. ಬೆಳಕಿನ ಋಣಕ್ಕೆ ತಕ್ಕ ದಾರಿಯು ನನಗೆ ತೋರುವಂತೆ ಇದು. ಬೆಳಕು ಎಲ್ಲಿಂದ ಬಂದಿತೆಂಬುದನ್ನು ಮನೆಯ ಮಕ್ಕಳಿಗೆ ಊರಿನ ಹೆಸರು ಹಿಡಿದು ಹೇಳಬೇಕು. ಯಾರೂ ಇಲ್ಲದ ಕೋಣೆಯಲ್ಲಿ ಪಂಖವು ತಿರುಗುತ್ತಿದ್ದರೆ, ಅದು ಬಿಲ್ಲಿನ ದೃಷ್ಟಿಯಿಂದ ಮಾತ್ರವಲ್ಲ, ಆ ಗದ್ದೆಯ ದೃಷ್ಟಿಯಿಂದಲೂ ದುಂದು ಎಂದು ತಿಳಿಯಬೇಕು. ಇವೆರಡೂ ಸುಲಭ. ಮೂರನೆಯದು ಕಷ್ಟ: ಕಳೆದುಕೊಂಡವನು ಹಕ್ಕುಪತ್ರವನ್ನು ಕೇಳಿದಾಗ, ರಸ್ತೆಯನ್ನು ಕೇಳಿದಾಗ, ಪಡೆದವನು ಅವನ ಪಕ್ಕದಲ್ಲಿ ನಿಲ್ಲಬೇಕು. ಸಾಲಗಾರನೇ ಸಾಲವನ್ನು ಒಪ್ಪಿ ಸಾಕ್ಷಿ ನುಡಿದರೆ ಯಾವ ನ್ಯಾಯಾಧೀಶನಿಗೂ ತೀರ್ಪು ಕಷ್ಟವಾಗದು. ಬೆಟ್ಟದವರು ಒಬ್ಬರೇ ಕೂಗುತ್ತಿರುವುದರಿಂದ ಅವರ ಕೂಗು ಬೇಡಿಕೆಯೆನಿಸಿದೆ. ಪಟ್ಟಣದವರೂ ಸೇರಿದರೆ ಅದು ಲೆಕ್ಕದ ಮಾತಾಗುವುದು.

ಇದು ಕಳೆದುಹೋದ ಕಾಲದ ಚರ್ಚೆಯೆಂದು ಯಾರೂ ತಿಳಿಯಬಾರದು. ಶರಾವತಿಯ ಕಣಿವೆಯಲ್ಲಿಯೇ ಗೇರುಸೊಪ್ಪೆಯ ನೀರನ್ನು ತಳಕಳಲೆಗೆ ಮೇಲೆತ್ತಿ, ಬೇಕಾದ ಹೊತ್ತಿನಲ್ಲಿ ಇಳಿಬಿಟ್ಟು ೨೦೦೦ ಮೆಗಾವ್ಯಾಟ್ ಶಕ್ತಿಯನ್ನು ಪಡೆಯುವ ಯೋಜನೆಯ ವಿಷಯದಲ್ಲಿ ಈಚಿನ ವರ್ಷಗಳಲ್ಲಿ ದೊಡ್ಡ ವಿವಾದವೇ ನಡೆದಿದೆ. ಸಿಂಗಳೀಕಗಳ ಆ ಕಾಡಿನಲ್ಲಿ ಅದು ಆಗತಕ್ಕದ್ದೋ ಆಗತಕ್ಕದ್ದಲ್ಲವೋ ಎಂಬುದನ್ನು ತಿಳಿದವರು ನಿರ್ಣಯಿಸಲಿ. ನನ್ನ ವಿಜ್ಞಾಪನೆಯು ಇಷ್ಟೇ: ಈ ಬಾರಿಯಾದರೂ ಪಟ್ಟಣದ ನಾವು ಬೆಟ್ಟದವರ ಮುಂದೆ ತ್ಯಾಗದ ಶ್ಲೋಕವನ್ನು ಹೇಳದಿರೋಣ.

ಹೋದ ಬೇಸಿಗೆಯಲ್ಲಿ ಹುಲಿಕಲ್ ಘಾಟಿಯನ್ನು ಹತ್ತಿ ಮಾಣಿಗೆ ಹೋಗಿದ್ದೆನು. ನೀರು ತಗ್ಗಿತ್ತು. ದಡದ ಕೆಸರಿನಲ್ಲಿ ಸತ್ತ ಮರಗಳ ಬೊಡ್ಡೆಗಳು ಕಾಣುತ್ತಿದ್ದುವು. ಇವುಗಳ ನಡುವೆ ಎಲ್ಲಿಯೋ ಆ ಹುಡುಗನ ಅಜ್ಜನ ಮನೆಯ ಹೊಸ್ತಿಲೂ ಇರಬೇಕೆಂದು ನೋಡುತ್ತ ನಿಂತೆನು; ಯಾವುದೆಂದು ತಿಳಿಯುವ ಬಗೆಯಿರಲಿಲ್ಲ. ಆ ಹುಡುಗನು ಈಗ ನಡುವಯಸ್ಸಿನ ಗೃಹಸ್ಥನಾಗಿರಬೇಕು. ಎಲ್ಲಿರುವನೋ ಅರಿಯೆನು. ಈ ಪತ್ರಿಕೆಯು ಅವನ ಕೈಗೆ ಸಿಕ್ಕಿದರೆ ಅವನು ತಿಳಿಯತಕ್ಕದ್ದು ಇದು: ನೀನು ಕೇಳಿದುದು ಸರಿಯಾದ ಪ್ರಶ್ನೆ, ನಾನು ಕೊಟ್ಟದ್ದು ತಪ್ಪು ಉತ್ತರ. ನಿನ್ನ ಅಜ್ಜನವರು ತ್ಯಾಗಿಗಳೋ ಅಲ್ಲವೋ, ಅದನ್ನು ಹೇಳತಕ್ಕವರು ಅವರು. ನಾನು ಋಣಿಯೆಂಬುದನ್ನು ಹೇಳತಕ್ಕವನು ನಾನು.

ಅಂದಿನಿಂದ ಸಂಜೆ ಗುಂಡಿಯನ್ನು ಒತ್ತಿದಾಗ ನಾನೂ ಕೈಮುಗಿಯುತ್ತಿದ್ದೇನೆ. ಮೊನ್ನೆ ಮೊಮ್ಮಗಳು ನಕ್ಕು, "ಅಜ್ಜಾ, ಬಲ್ಬಿಗೆ ಯಾಕೆ ನಮಸ್ಕಾರ?" ಎಂದಳು. ಅವಳನ್ನು ಹತ್ತಿರ ಕೂರಿಸಿಕೊಂಡು, "ಮಾಣಿಯೆಂದು ಒಂದು ಊರಿದೆ ಮಗಾ" ಎಂದು ಹೇಳತೊಡಗಿದೆನು.